ಮದ್ರಾಸಿನಿಂದ ಬಂದ ಶೀತ

ನಾಯಿಯನ್ನು ಹಗಲು ಹೊತ್ತು ಬಿಟ್ಟುಹೋಗಲು ಒಂದು ಮನೆ ಹುಡುಕುತ್ತಿದ್ದೇನೆ ಎಂದು ಹೇಳಿದಾಗ ನಮ್ಮ ವೈಂಡಿಂಗ್ ಸೆಕ್ಷನ್ನಿನ ಹೆಂಗಸರು ಟ್ರಾನ್ಸ್‌ಫಾರ್ಮರಿಗೆ ಸುತ್ತುತ್ತಿದ್ದ ತಾಮ್ರದ ತಂತಿ ಬಿಟ್ಟು ನಕ್ಕಿದ್ದರು. ನಗದೆ ಏನು ಮಾಡಿಯಾರು? ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದ ಕಾರ್ಖಾನೆಗಳು ನೀಲಗಿರಿ ತೋಪುಗಳನ್ನು ನುಂಗುತ್ತ ತುಮಕೂರು ರಸ್ತೆಯ ಆಸುಪಾಸಿಗೆಲ್ಲ ಹಬ್ಬುತ್ತಿದ್ದವು. ಆದರೆ ಹೆತ್ತ ಮಗುವನ್ನು ಬಿಟ್ಟು ಕೆಲಸ ಮಾಡಲು ಒಂದು ಕೋಣೆ ಬೇಕಾಗುತ್ತದೆ ಎಂದು ನಾನು ಕಂಡ ಯಾವ ಮಾಲೀಕನಿಗೂ ಹೊಳೆದಿರಲಿಲ್ಲ. ಕೂಸುಗಳನ್ನು ಅಜ್ಜಿಯರ ಮಡಿಲಿಗೋ ಪಕ್ಕದ ಮನೆಯವರ ಜಗಲಿಗೋ ಹಾಕಿ ಸೈರನ್ನಿಗೆ ಓಡಿಬರುತ್ತಿದ್ದ ಹೆಂಗಸರ ಮುಂದೆ ನಾನು ನಾಯಿಮರಿಯ ಮಾತೆತ್ತಿದ್ದೆ.

"ನಿಂಗೊಂದು ಮಗು ಆಗ್ಲಿ ತಾಯಿ, ಈ ಹುಚ್ಚೆಲ್ಲ ಬಿಟ್ಟೋಗುತ್ತೆ," ಎಂದಳು ಪಕ್ಕದ ಮೆಷಿನ್ನಿನವಳು.

ಆ ಮರಿ ನನಗೆ ಸಿಕ್ಕಿದ್ದು ಕಾರ್ಖಾನೆಯ ಗುಜರಿ ಅಂಗಳದಲ್ಲಿ. ಕರುಳು ಕಿತ್ತ ಹಳೆಯ ಟ್ರಾನ್ಸ್‌ಫಾರ್ಮರುಗಳ ನಡುವೆ ಬೀದಿನಾಯಿಯೊಂದು ಮರಿ ಹಾಕಿತ್ತು. ತಾಯಿ ಲಾರಿಗೆ ಸಿಕ್ಕು ಸತ್ತ ಮೇಲೆ ವಾಚ್‌ಮನ್ ಮರಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೊರಟಿದ್ದ. ಕ್ಯಾಂಟೀನಿನವರು ಕೆಲವನ್ನು ಇಸಿದುಕೊಂಡರು, ಒಂದನ್ನು ನಾನು ಎತ್ತಿಕೊಂಡೆ. ಇದ್ದಿಲಿನ ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಫಿನಿಶಿಂಗ್ ಸರಿ ಇಲ್ಲ, ಆದ್ರೂ ಇರ್ಲಿ ಬಿಡು," ಎಂದ.

ನಾವಿದ್ದದ್ದು ಬಾಗಲಗುಂಟೆಯ ಒಂದು ವಠಾರದಲ್ಲಿ, ಒಂದು ಕೋಣೆ, ಒಂದು ಒಲೆಮೂಲೆ. ವಠಾರ ಕಟ್ಟಿದ್ದು ಆ ಊರಿನದೇ ಒಕ್ಕಲು ಮನೆಯವರು. ಅರ್ಧ ಹೊಲ ಮಾರಿ, ಉಳಿದರ್ಧದಲ್ಲಿ ಬಾಡಿಗೆ ಮನೆಗಳ ಸಾಲು ಎಬ್ಬಿಸಿ, ನಡುವೆ ತಮ್ಮ ಕೊಟ್ಟಿಗೆಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದರು. ಮನೆಯೊಡತಿಗೆ ನನ್ನ ಮೇಲೆ ಅಕ್ಕರೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಬಾಗಿಲ ಹಿಂದೆ ಮರಿ ಊಳಿಡುವುದನ್ನು ಕೇಳಲಾಗದೆ ಆಕೆಯೇ ಅದನ್ನು ಕೊಟ್ಟಿಗೆಗೆ ಕರೆದೊಯ್ದಿದ್ದಳು. ಅಲ್ಲಿ ಅವರದೊಂದು ಮುದಿ ನಾಯಿಯಿತ್ತು. ಅದರ ಹೊಟ್ಟೆಗೆ ಒರಗಿ ನಮ್ಮ ಮರಿ ಮಧ್ಯಾಹ್ನವೆಲ್ಲ ಮಲಗುತ್ತಿತ್ತು.

ಒಂದು ವಾರ ಆ ಮುದಿ ನಾಯಿ ಅವರ ನೆಂಟರ ತೋಟಕ್ಕೆ ಹೋಗಿತ್ತು. ಹಿಂದಿರುಗಿ ಬಂದಾಗ ಅದರ ಕಣ್ಣಲ್ಲಿ ಕೀವು, ಮೂಗಲ್ಲಿ ಗೊಣ್ಣೆ. ಅದನ್ನು ನೋಡಿದ ಸಂಜೆಯಿಂದಲೇ ಮನೆಯೊಡತಿ ನಮ್ಮ ಮರಿಯನ್ನು ಹತ್ತಿರ ಬಿಡಲಿಲ್ಲ. ಆಮೇಲೆ ನಾಯಿ ಊಟ ಬಿಟ್ಟಿತು. ಆಮೇಲೆ ದವಡೆ ತಾನಾಗಿ ಅಗಿಯತೊಡಗಿತು, ಬಾಯಲ್ಲಿ ಏನೂ ಇಲ್ಲದೆ. ಕಾಲುಗಳು ಎಳೆದಂತೆ ಜಿಗಿಯುತ್ತಿದ್ದವು. ಅದು ಸತ್ತಾಗ ಆಕೆ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಸೆರಗಲ್ಲಿ ಕಣ್ಣೊರೆಸಿಕೊಂಡು ನನ್ನ ಬಾಗಿಲಿಗೆ ಬಂದಳು.

"ಇನ್ಮೇಲೆ ಮರೀನ ಕೊಟ್ಟಿಗೆ ಕಡೆ ಬಿಡ್ಬೇಡ ಕಣವ್ವ. ಈ ಮಣ್ಣಾಗೆ ಅದೇನ್ ಸೇರ್ಕಂಡೈತೋ. ನಮ್ದು ಓಯ್ತು. ನಿಂದೂ ಓದ್ರೆ ನಂಗೆ ಒಟ್ಟೆ ಉರಿತೈತೆ. ಬೇರೆ ಎಲ್ಲಾದ್ರೂ ನೋಡ್ಕೋ."

ಈ ಇಡೀ ಕಥೆಯಲ್ಲಿ ತನ್ನ ಮನೆಯಲ್ಲಿ ರೋಗ ಇದೆ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯಳು ಆಕೆಯೊಬ್ಬಳೇ.

ಪಶು ಆಸ್ಪತ್ರೆಗೆ ಮರಿಯನ್ನು ಒಯ್ದೆವು. ಡಾಕ್ಟರು ಒಳ್ಳೆಯವರು, ಆದರೆ ಆತುರದವರು. ಒಂದು ಸೂಜಿ ಹಾಕಿ, "ನಾಯಿಗಳಿಗೆ ಡಿಸ್ಟೆಂಪರ್ ರೋಗ ಹಬ್ಬಿದೆ. ಎರಡನೇ ಸೂಜಿ ಆಗೋವರೆಗೂ ಬೇರೆ ನಾಯಿಗಳ ಜೊತೆ ಸೇರಿಸ್ಬೇಡಿ. ಒಂದು ಸೀನಿದ್ರೆ ಸಾಕು, ಇನ್ನೊಂದಕ್ಕೆ ಬರುತ್ತೆ," ಎಂದರು. ಹಗಲು ಎಲ್ಲಿ ಬಿಡುವುದು ಎಂದು ಕೇಳುವಷ್ಟರಲ್ಲಿ ಮುಂದಿನ ಎಮ್ಮೆಯ ಕಡೆ ಹೋಗಿದ್ದರು.

ಉತ್ತರ ಕೊಟ್ಟವನು ಅಲ್ಲಿನ ಕಾಂಪೌಂಡರ್. ಹೊರಗೆ ಬೇವಿನ ಮರದ ಕೆಳಗೆ ನಮ್ಮನ್ನು ನಿಲ್ಲಿಸಿ, ಗುಟ್ಟು ಹೇಳುವವನಂತೆ ಬಗ್ಗಿ, "ನಮ್ಮನೇಲಿ ಬಿಡಿ ಅಕ್ಕ. ನಾನು ಆಸ್ಪತ್ರೆಯವನೇ ಅಲ್ವಾ? ಇದಕ್ಕಿಂತ ಸೇಫ್ ಜಾಗ ಎಲ್ಲಿ ಸಿಗುತ್ತೆ?" ಎಂದ. ಮಾತು ಸರಿಯೆನಿಸಿ ಅವನ ಮನೆಗೆ ಹೋಗಿ ನೋಡಿದೆವು. ವರಾಂಡದಲ್ಲಿ ಆಸ್ಪತ್ರೆಗೆ ಬಂದ ರೋಗದ ನಾಯಿಗಳನ್ನೇ ಸಾಲಾಗಿ ಕಟ್ಟಿದ್ದ, ರಾತ್ರಿ ನೋಡಿಕೊಳ್ಳಲು ಮನೆಗೆ ತಂದದ್ದಂತೆ. ಅವುಗಳ ನಡುವೆ ಒಂದು ಗೂಟ ಖಾಲಿ ಇತ್ತು. ಅದನ್ನು ತೋರಿಸಿ, "ಇದು ನಿಮ್ದಕ್ಕೆ," ಎಂದ. ಖಾಲಿ ಯಾಕಾಯಿತು ಎಂದು ನನ್ನ ಗಂಡ ಕೇಳಿದ. ಕಾಂಪೌಂಡರ್ ಆಕಾಶದ ಕಡೆ ಕೈ ತೋರಿಸಿ ನಕ್ಕ. ದೊಡ್ಡ ಜೋಕು ಹೇಳಿದವನ ಹಾಗೆ. ನಾವು ಮರಿಯನ್ನು ಚೀಲದಿಂದ ಈಚೆಗೇ ತೆಗೆಯದೆ ಬಸ್ಸು ಹತ್ತಿದೆವು.

ಆಗ ನನಗೆ ನೆನಪಾದದ್ದು ಮೇಡಂ ಅವರ ಭಾಷಣ.

ಮೇಡಂ ಎಂದರೆ ನಮ್ಮ ವರ್ಕ್ಸ್ ಮ್ಯಾನೇಜರ್ ಹೆಂಡತಿ. ಪ್ರತಿ ಆಯುಧಪೂಜೆಗೆ ಕಾರ್ಖಾನೆಗೆ ಬಂದು, ಕುಂಕುಮ ಹಚ್ಚಿದ ಮೆಷಿನ್ನುಗಳ ಮುಂದೆ ನಿಂತು, ಹೆಂಗಸರಿಗೆ ನಾಲ್ಕು ಮಾತು ಹೇಳುವುದು ಅವರ ಪದ್ಧತಿ. ಆ ವರ್ಷ ಅವರು ತಮ್ಮ ಬಂಗಲೆಯಲ್ಲಿ ನಾಯಿಗಳಿಗಾಗಿ ತೆರೆದ 'ಡಾಗ್ ಹೋಮ್' ಬಗ್ಗೆ ಮಾತಾಡಿದ್ದರು. ಆಫೀಸರುಗಳ ಮನೆಯ ನಾಯಿಗಳು ಬೆಳಿಗ್ಗೆ ಕಾರಿನಲ್ಲಿ ಬಂದು ಸಂಜೆ ಕಾರಿನಲ್ಲಿ ಹೋಗುತ್ತಿದ್ದವು. "ಪ್ರೀತಿಗೆ ಜಾತಿ ಇಲ್ಲ. ನಮ್ಮ ಹೋಮ್‌ನಲ್ಲಿ ದೊಡ್ಡೋರ ನಾಯಿ ಬಡವರ ನಾಯಿ ಅಂತ ಭೇದ ಇಲ್ಲ," ಎಂದು ಅವರು ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು, ಯಾಕೆಂದರೆ ಅದಾದ ಮೇಲೆ ಬೂಂದಿ ಹಂಚುವುದಿತ್ತು. ಭಾಷಣದ ಮಾತನ್ನು ನಿಜವೆಂದು ಹಿಡಿದು ಬಾಗಿಲು ತಟ್ಟುವವಳು ಇರಬಹುದೆಂದು ಅವರು ಕನಸಲ್ಲೂ ನೆನೆದಿರಲಾರರು.

ಭಾನುವಾರ ನಾನು ಮರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬಂಗಲೆಗೆ ಹೋದೆ. ಮೇಡಂ ಗೇಟಿನ ಹತ್ತಿರ ಗುಲಾಬಿ ಕತ್ತರಿಸುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವರ ಕತ್ತರಿ ಗಾಳಿಯಲ್ಲೇ ನಿಂತಿತು.

"ಇದು ಯಾವ ಬ್ರೀಡ್?" ಎಂದರು.

"ನಮ್ಮ ಗುಜರಿ ಯಾರ್ಡ್‌ದು ಮೇಡಂ."

ಅವರು ನಕ್ಕರು. ಒಳ್ಳೆಯ ಮನೆತನದವರು ಬೇಡದ ಅತಿಥಿಗೆ ನಗುವ ನಗು. ಆದರೂ ಆಡಿದ ಮಾತಿಗೆ ಅಷ್ಟೊಂದು ಜನ ಸಾಕ್ಷಿಗಳಿದ್ದರಲ್ಲ, ಒಳಗೆ ಕರೆದರು. ಮೊದಲು ತೋರಿಸಿದ್ದು ಹಾಲ್. ಗೋಡೆಯ ತುಂಬ ಡಾಗ್ ಶೋಗಳಲ್ಲಿ ಗೆದ್ದ ಕಪ್ಪುಗಳು, ರಿಬ್ಬನ್ನುಗಳು, ನಾಯಿಯ ಜೊತೆ ನಿಂತ ಮೇಡಂ, ಮೇಡಂ ಜೊತೆ ನಿಂತ ನಾಯಿ. ಅವರ ಬಿಳಿ ಪಾಮರೇನಿಯನ್ ದಕ್ಷಿಣ ಭಾರತಕ್ಕೇ ಹೆಸರಾದದ್ದಂತೆ. ನಾನು ಎಲ್ಲಕ್ಕೂ ತಲೆಯಾಡಿಸಿ, ನಾಯಿಗಳಿರುವ ಜಾಗ ತೋರಿಸಿ ಎಂದೆ. ಕಪ್ಪು ನೋಡಿದ ಮೇಲೂ ಜಾಗ ನೋಡಬೇಕೆನ್ನುವ ಹೆಂಗಸನ್ನು ಅವರು ಮೊದಲ ಸಲ ಕಂಡಿರಬೇಕು.

ಹಿಂದಿನ ಅಂಗಳದಲ್ಲಿ ಭಾನುವಾರವೂ ನಾಯಿಗಳು ಓಡಾಡುತ್ತಿದ್ದವು. ಜನರಲ್ ಮ್ಯಾನೇಜರರ ಅಲ್ಸೇಶಿಯನ್, ಅಕೌಂಟ್ಸ್ ಆಫೀಸರರ ಉದ್ದ ಮೈಯ ಗಿಡ್ಡ ಕಾಲಿನ ನಾಯಿ, ಇನ್ನೂ ಕೆಲವು. ಎಲ್ಲಕ್ಕೂ ನೀರಿಗೆ ಒಂದೇ ಸಿಮೆಂಟಿನ ತೊಟ್ಟಿ. ಮನೆಗೆಲಸದ ಹೆಂಗಸು ಒಂದೇ ವಸ್ತ್ರ ಹಿಡಿದು ಸರದಿಯಂತೆ ಎಲ್ಲ ಮೂತಿಗಳನ್ನೂ ಒರೆಸುತ್ತಿದ್ದಳು. ನೋಡಲು ಬಹಳ ಶುಚಿಯಾದ ದೃಶ್ಯ.

"ಸೂಜಿ ಆಗಿದೆಯಾ ಅಂತ ಕೇಳಿ ಸೇರಿಸ್ಕೊಳ್ತೀರಾ ಮೇಡಂ?" ಎಂದೆ.

"ಇವೆಲ್ಲ ಒಳ್ಳೆ ಮನೆ ನಾಯಿಗಳು ಕಣಮ್ಮ. ಅಂಥದ್ದೆಲ್ಲ ಕೇಳೋದು ಚೆನ್ನಾಗಿರಲ್ಲ."

"ಯಾವುದಕ್ಕಾದ್ರೂ ಕಾಯಿಲೆ ಬಂದ್ರೆ ಬೇರೆ ಇಡೋಕೆ ಜಾಗ?"

"ಇಲ್ಲಿ ಕಾಯಿಲೆ ಬರಲ್ಲ. ಕಾಯಿಲೆ ಬರೋದು ಬೀದಿ ನಾಯಿಗಳಿಗೆ." ಇಷ್ಟು ಹೇಳಿ ನನ್ನ ಟವೆಲ್ಲಿನ ಕಡೆ ನೋಡಿದರು.

ಅಷ್ಟರಲ್ಲಿ ಅಡುಗೆಮನೆ ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿತು. ಗಂಟಲಲ್ಲಿ ಮುಳ್ಳು ಸಿಕ್ಕಂಥ ಒಣ ಕೆಮ್ಮು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ರೇಷ್ಮೆ ದಿಂಬಿನ ಮೇಲೆ ಆ ಹೆಸರಾಂತ ಬಿಳಿ ನಾಯಿ ಮಲಗಿತ್ತು. ಕಣ್ಣಿನ ಮೂಲೆಯಲ್ಲಿ ಹಳದಿ ಹಕ್ಕಳೆ. ಮೂಗಿನಿಂದ ಇಳಿದದ್ದು ದಿಂಬಿಗೆ ಅಂಟಿತ್ತು.  ಕೊಟ್ಟಿಗೆಯ ಮುದಿ ನಾಯಿ ಹಿಂದಿರುಗಿ ಬಂದ ದಿನ ಹೀಗೇ ಇತ್ತು.

"ಮೇಡಂ, ಅದಕ್ಕೆ ಹುಷಾರಿಲ್ಲ."

"ಬರೀ ಶೀತ. ಮದ್ರಾಸ್ ಶೋಗೆ ಕರ್ಕೊಂಡು ಹೋಗಿದ್ವಲ್ಲ, ಟ್ರೈನಲ್ಲಿ ಗಾಳಿ ಹೊಡೀತು ಪಾಪ."

"ನಮ್ಮ ಓನರ್ ನಾಯಿಗೂ ಹಿಂಗೇ ಶುರುವಾಗಿತ್ತು ಮೇಡಂ. ಡಿಸ್ಟೆಂಪರ್ ಅಂತಾರೆ. ಇದನ್ನ ಈಗ್ಲೇ ಡಾಕ್ಟ್ರಿಗೆ ತೋರಿಸಿ. ಉಳಿದವನ್ನ ಅವರವರ ಮನೆಗೆ ಕಳಿಸ್ಬಿಡಿ."

ಮೇಡಂ ಮುಖ ಬಿಗಿಯಿತು. "ನೀನು ವೈಂಡಿಂಗ್ ಸೆಕ್ಷನ್ ಅಂದೆಯಲ್ಲ?"

"ಹೌದು ಮೇಡಂ."

"ಹಾಗಾದ್ರೆ ವೈಂಡಿಂಗ್ ನೋಡ್ಕೋ."

ಮರಿಯನ್ನು ನೆಲಕ್ಕೂ ಇಳಿಸದೆ, ಯಾವ ನಾಯಿಗೂ ಮೂಸಲು ಕೊಡದೆ ನಾನು ಹಿಂದಿರುಗಿದೆ. ಆ ಕೆಮ್ಮಿನ ಗಾಳಿ ಟವೆಲ್ಲಿನೊಳಗೆ ಹೊಕ್ಕಿತೇನೋ ಎಂಬ ಹೆದರಿಕೆ ಮಾತ್ರ ದಾರಿಯುದ್ದಕ್ಕೂ ಜೊತೆಗೇ ಬಂತು. ಸುಮ್ಮನಿರಲಾರದೆ ಮರುದಿನ ಅಕೌಂಟ್ಸ್ ಆಫೀಸರರನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಸಾರ್, ನಿಮ್ಮ ನಾಯೀನ ಸ್ವಲ್ಪ ದಿನ ಅಲ್ಲಿಗೆ ಕಳಿಸ್ಬೇಡಿ," ಎಂದು ಕಂಡದ್ದನ್ನು ಹೇಳಿದೆ. ಅವರು ಹೌದಾ, ಹೌದಾ ಎಂದು ಕೇಳಿಕೊಂಡರು. ಕೇಳಿಕೊಂಡು ನೇರವಾಗಿ ಹೋಗಿ ಆ ಮಾತನ್ನು ಮ್ಯಾನೇಜರರಿಗೆ ಒಪ್ಪಿಸಿದರು. ನಾಯಿಯನ್ನೂ ಎಂದಿನಂತೆ ಕಳಿಸಿದರು. ಮ್ಯಾನೇಜರ್ ಹೆಂಡತಿಯ ಹೋಮಿಗೆ ನಾಯಿ ಕಳಿಸದಿದ್ದರೆ ಬಡ್ತಿ ನಿಲ್ಲುತ್ತದೆಂಬ ಭಯ ಅವರದಿರಬೇಕು. ಆ ಗಿಡ್ಡ ಕಾಲಿನ ಪ್ರಾಣಿಗೆ ಯಾವ ಬಡ್ತಿಯೂ ಬೇಕಿರಲಿಲ್ಲ.

ಇನ್ನು ಉಳಿದದ್ದು ಲಗ್ಗೆರೆಯ ನನ್ನ ಸೋದರತ್ತೆ.

ಅತ್ತೆಯನ್ನು ನಾನು ಮೊದಲೇ ಯಾಕೆ ನೆನೆಯಲಿಲ್ಲವೆಂದರೆ, ನಾಯಿಯೆಂದರೆ ಆಕೆಗೆ ಅಸಹ್ಯ. ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕಿ ಬದುಕುತ್ತಿದ್ದ ಹೆಂಗಸು. ಲಗ್ಗೆರೆಯ ಒತ್ತೊತ್ತಾದ ಮನೆಗಳ ನಡುವೆ ಆಕೆಯದೊಂದು ಚಿಕ್ಕ ಮನೆ, ಮೇಲೆ ಒಂದು ತಾರಸಿ. ತಾರಸಿಯ ತುಂಬ ಹಪ್ಪಳ. ಕಾಗೆ, ಬೆಕ್ಕು, ನಾಯಿ, ಪಕ್ಕದ ಮನೆಯವರು, ಎಲ್ಲರೂ ಅವಳ ಶತ್ರುಗಳು. ಕಾಂಪೌಂಡಿನ ಗೋಡೆಯ ಮೇಲೆ ಗಾಜಿನ ಚೂರು ನೆಡಿಸಿದ್ದಳು. ಹೊಸಿಲ ಮುಂದೆ ಬಕೆಟ್ಟು ನೀರು, ಬಂದವರು ಕಾಲು ತೊಳೆದೇ ಒಳಗೆ ಬರಬೇಕು. ಅವಳ ಈ ಅತಿರೇಕವನ್ನು ನಾವು ಚಿಕ್ಕಂದಿನಿಂದ ಆಡಿಕೊಂಡು ನಗುತ್ತಿದ್ದವರೇ.

"ಯೋಚ್ನೆ ಮಾಡು," ಎಂದ ನನ್ನ ಗಂಡ. "ಆ ಮನೆಗೆ ಇವತ್ತಿನವರೆಗೂ ಒಂದು ನಾಯಿ ಕಾಲಿಟ್ಟಿಲ್ಲ. ನಮಗೆ ಬೇಕಾಗಿರೋದೂ ಅದೇ ತಾನೇ?"

ನಾವು ಹೋದಾಗ ಅತ್ತೆ ಬಾಗಿಲಲ್ಲೇ ತಡೆದಳು. "ಏನೇ ಅದು ಟವಲ್ನಾಗೆ? ನಾಯಾ? ಆಚೆ ನಿಂತ್ಕಳಿ, ಅಲ್ಲೇ ನಿಂತ್ಕಳಿ!"

ಮುದಿ ನಾಯಿ ಸತ್ತದ್ದು, ಕಾಂಪೌಂಡರನ ಗೂಟ, ಮೇಡಂ ಬಂಗಲೆ, ಎಲ್ಲವನ್ನೂ ಬೀದಿಯಲ್ಲಿ ನಿಂತೇ ಹೇಳಿದೆ. ಅತ್ತೆಗೆ ನಾಯಿಯ ಕಷ್ಟ ಮುಟ್ಟಲಿಲ್ಲ. ಒಂದೇ ವಸ್ತ್ರದಲ್ಲಿ ಎಲ್ಲ ಮೂತಿ ಒರೆಸಿದ್ದು ಮುಟ್ಟಿತು.

"ಒಂದೇ ಬಟ್ಟೇಲಾ?"

"ಹೂಂ ಅತ್ತೆ."

"ಬಂಗ್ಲೇನಾಗೆ ಇದ್ಕಂಡು? ಥೂ!" ಎಂದು ಬೀದಿಗೆ ಉಗಿದಳು. ಆಮೇಲೆ ಮರಿಯನ್ನು ದಿಟ್ಟಿಸಿ, "ಮನೆ ಒಳಗೆ ಬರಂಗಿಲ್ಲ. ಹಪ್ಪಳ ಮುಟ್ಟಂಗಿಲ್ಲ. ಹಿತ್ಲಾಗೆ ಬಿದ್ದಿರ್ಲಿ. ಅದೂ ಆ ಸೂಜಿಗಂಟ ಅಷ್ಟೇ," ಎಂದಳು.

ಬಟ್ಟೆ ಸೋಪು ಹಾಕಿ ತನ್ನ ಕೈಯಿಂದಲೇ ಮರಿಗೆ ಸ್ನಾನ ಮಾಡಿಸಿದಳು. ಅರಿಶಿನ ಹಚ್ಚಿದಳು, ಸಾಂಬ್ರಾಣಿ ಹಾಕಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಎಸೆದಳು. ಅವಳ ಪ್ರಕಾರ ನಾಯಿರೋಗ ಬರುವುದು ಕೆಟ್ಟ ಕಣ್ಣಿನಿಂದ, ಹಳಸಿದ ಅನ್ನದಿಂದ ಮತ್ತು ತಮಟೆ ಸದ್ದಿನಿಂದ. ಆಕೆ ಹೇಳಿದ ಒಂದು ಮಾತೂ ಡಾಕ್ಟರು ಒಪ್ಪುವಂಥದ್ದಲ್ಲ. ಆದರೆ ಬೇರೆ ನಾಯಿ ಆ ಮನೆಯ ನೆರಳಿಗೂ ಬರುವಂತಿರಲಿಲ್ಲ. ಮರಿಗೆ ಬೇರೆ ತಟ್ಟೆ, ಬೇರೆ ಚೊಂಬು. ನಾವು ಸಂಜೆ ಹೋದರೆ ನಮಗೂ ಕಾಲು ತೊಳೆಯುವ ಶಿಕ್ಷೆ.

ದಿನವೂ ಕೆಲಸ ಬಿಟ್ಟವಳೇ ಲಗ್ಗೆರೆಗೆ ನಡೆದುಹೋಗಿ ಅದರ ಮೂಗು ಮುಟ್ಟಿ ನೋಡುತ್ತಿದ್ದೆ. ಕಣ್ಣಿನ ಮೂಲೆ ನೋಡುತ್ತಿದ್ದೆ. ಅದು ಒಮ್ಮೆ ಸೀನಿತೆಂದು ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ಒಗ್ಗರಣೆ ಘಾಟಿಗೆ ಸೀನಿತ್ತು, ಅಷ್ಟೇ. ಎರಡನೇ ಸೂಜಿಯ ದಿನ ಆಸ್ಪತ್ರೆಯ ಒಳಗೆ ಹೋಗಲೇ ಇಲ್ಲ. ಬೇವಿನ ಮರದ ಹತ್ತಿರವೂ ನಿಲ್ಲದೆ ರಸ್ತೆಯ ಆಚೆ ಕಾದೆ. ನನ್ನ ಗಂಡ ಒಳಗೆ ಹೋಗಿ ಡಾಕ್ಟರನ್ನು ಗೋಗರೆದು ಹೊರಗೆ ಕರೆತಂದ. ಅವರು ಗೊಣಗುತ್ತ ಬಂದು, ನನ್ನ ತೊಡೆಯ ಮೇಲೇ ಸೂಜಿ ಹಾಕಿ, "ಎಲ್ರೂ ಹೀಗಿದ್ರೆ ನನಗೆ ಕೆಲಸಾನೇ ಇರ್ತಿರ್ಲಿಲ್ಲ," ಎಂದರು. ಹೊಗಳಿಕೆಯೋ ಬೈಗುಳವೋ ಈಗಲೂ ತಿಳಿಯದು.

ಈ ನಡುವೆ ಬಂಗಲೆಯಲ್ಲಿ ಆಗಬೇಕಾದದ್ದೇ ಆಗುತ್ತಿತ್ತು. ಮದ್ರಾಸಿನ ಶೀತ ಅಂಗಳಕ್ಕೆ ಇಳಿದಿತ್ತು. ಮೊದಲು ಹೋದದ್ದು ಅಕೌಂಟ್ಸ್ ಆಫೀಸರರ ಗಿಡ್ಡ ನಾಯಿ. ಆಮೇಲೆ ಒಂದೊಂದಾಗಿ ಉಳಿದವು ಮಲಗಿದವು. ಜನರಲ್ ಮ್ಯಾನೇಜರರ ಅಲ್ಸೇಶಿಯನ್ ಫಿಟ್ಸ್ ಬಂದು ಸತ್ತ ದಿನ ಅವರ ಡ್ರೈವರು ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು, "ಬಾಯಿ ಹಿಂಗೆ ಹಿಂಗೆ ಅಗೀತಿತ್ತು ಗುರು, ನೋಡಕ್ಕಾಗ್ಲಿಲ್ಲ," ಎಂದು ತೋರಿಸಿದ. ಕೊನೆಗೆ ಆ ಬಿಳಿ ನಾಯಿಯೂ ಸತ್ತಿತು. ಅಷ್ಟಾದರೂ ಮೇಡಂ ಬಾಯಲ್ಲಿ ಅದು ಶೀತವೇ. ಹೋಮ್ ಮುಚ್ಚಿದ್ದು 'ಗೋಡೆಗೆ ಸುಣ್ಣ ಹೊಡೆಸುವ ಸಲುವಾಗಿ'.

ಆದರೆ ಜನರಲ್ ಮ್ಯಾನೇಜರರ ಮನೆಯ ನಾಯಿ ಸತ್ತ ಮೇಲೆ ಬರೀ ಸುಣ್ಣ ಸಾಲದು, ಯಾರಾದರೂ ತಪ್ಪಿತಸ್ಥರು ಬೇಕಾಗುತ್ತದೆ. ನನ್ನನ್ನು ಕ್ಯಾಬಿನ್ನಿಗೆ ಕರೆಸಿದರು.

ಮ್ಯಾನೇಜರ್ ಕನ್ನಡಕ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದರು. "ನೋಡಮ್ಮ, ನೀನು ಆ ಭಾನುವಾರ ಒಂದು ಕಂಟ್ರಿ ಡಾಗ್ ತಂದಿದ್ದೆಯಂತೆ. ಅದಾದ್ಮೇಲೇ ಎಲ್ಲಾ ಶುರುವಾಗಿದ್ದು."

"ಸಾರ್, ನಾನು ಬರೋ ಮುಂಚೇನೇ ನಿಮ್ಮನೆ ನಾಯಿ ಕೆಮ್ಮುತಿತ್ತು. ಮೇಡಂ ಅವ್ರೇ ಶೀತ ಅಂದ್ರು."

"ಅದು ಬೇರೆ. ಅದು ಟ್ರಾವೆಲ್‌ದು."

"ನನ್ನ ಮರಿ ನೆಲಕ್ಕೇ ಇಳಿದಿಲ್ಲ ಸಾರ್. ಅದಕ್ಕೆ ಈವತ್ತಿಗೂ ಏನೂ ಆಗಿಲ್ಲ. ಇಲ್ಲದ ರೋಗಾನ ಅದು ಹೆಂಗೆ ಕೊಡುತ್ತೆ?"

ಅವರು ಕನ್ನಡಕ ಮೂಗಿಗೇರಿಸಿದರು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಎಲ್ಲಿ ಶಾರ್ಟ್ ಆಯಿತೆಂದು ಸುತ್ತು ಸುತ್ತು ಬಿಚ್ಚಿಸಿ ಹುಡುಕಿಸುವ ಮನುಷ್ಯ. ಹೆಂಡತಿಯ ದಿಂಬಿನ ಮೇಲೆ ಕಣ್ಣೆದುರಿಗೇ ಇದ್ದದ್ದು ಮಾತ್ರ ಕಾಣಲಿಲ್ಲ. "ಅದು ಈಗೆಲ್ಲಿದೆ?" ಎಂದರು.

"ಲಗ್ಗೆರೇಲಿ ನಮ್ಮತ್ತೆ ಮನೇಲಿ. ಬೇಕಾದ್ರೆ ಬಂದು ನೋಡಿ ಸಾರ್."

ಬರುವುದಿಲ್ಲ ಎಂದುಕೊಂಡೇ ಹೇಳಿದ್ದೆ. ಬಂದರು. ಮುಂದಿನ ಭಾನುವಾರ ಕಾರು ಲಗ್ಗೆರೆಯ ಓಣಿಗೆ ಹಿಡಿಸದೆ, ಗಂಡ ಹೆಂಡತಿ ಇಬ್ಬರೂ ಮೋರಿ ದಾಟಿಕೊಂಡು ನಡೆದು ಬಂದರು. ಓಣಿಯ ಜನವೆಲ್ಲ ಬಾಗಿಲಿಗೆ ಬಂದಿತ್ತು. ಅತ್ತೆ ಹೊಸಿಲ ಮೇಲೆ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ನಾಯಿ ಸತ್ತಿರೋ ಮನೆಯೋರು ನೀವೇನಾ?" ಎಂದಳು.

"ನಾವು ಅವಳ ಫ್ಯಾಕ್ಟರಿ ಮ್ಯಾನೇಜರ್," ಎಂದರು ಅವರು.

"ಯಾರಾದ್ರೂ ಆಗ್ರಿ. ಒಳಗೆ ಬಿಡಾಕಿಲ್ಲ. ಅಲ್ಲಿಂದ್ಲೇ ನೋಡ್ಕಳ್ರಿ."

ಗದ್ದಲಕ್ಕೆ ಮರಿ ತಾರಸಿಯ ಕಟ್ಟೆಯ ಮೇಲೆ ಮುಂಗಾಲಿಟ್ಟು ಬಗ್ಗಿ ನೋಡಿ ಬೊಗಳಿತು. ಹಿತ್ತಿಲಲ್ಲಿ ಮಾತ್ರ ಇರಬೇಕಾದದ್ದು ತಾರಸಿಗೆ ಹೇಗೆ ಹೋಯಿತೆಂದು ನಾನು ಅತ್ತೆಯನ್ನು ನೋಡಿದೆ. ಆಕೆ, "ಕಾಗೆ ಓಡಿಸ್ತೈತೆ ಮುಂಡೇದು," ಎಂದು ಮುಖ ತಿರುಗಿಸಿದಳು. ದುಂಡುದುಂಡಗೆ, ಮಿಂಚುವ ಕಣ್ಣಿನ, ಒದ್ದೆ ಮೂಗಿನ ಪ್ರಾಣಿ. ಬಾಲ ಅಲ್ಲಾಡುವ ರಭಸಕ್ಕೆ ಅದರ ಹಿಂಭಾಗವೇ ಕುಣಿಯುತ್ತಿತ್ತು.

ಮೇಡಂ ತಲೆಯೆತ್ತಿ ಅದನ್ನು ನೋಡುತ್ತಲೇ ನಿಂತರು. ನೋಡುತ್ತಿದ್ದಂತೆ ಅವರ ಕಣ್ಣು ತುಂಬಿತು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.  ಎಷ್ಟಾದರೂ ಆ ಬಿಳಿ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಕಿದವರು, ಅದರ ದವಡೆ ಅಗಿಯುವುದನ್ನು ಕಂಡವರು. ಸಮಾಧಾನದ ಮಾತು ಹೇಳೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ.

ಆಗ ಅವರು ಗಂಡನ ಕಡೆ ತಿರುಗಿ ಹೇಳಿದರು. "ನೋಡಿದ್ರಾ? ಇಂಥವಕ್ಕೆ ಏನೂ ಆಗಲ್ಲ. ಕೊಡೋದು ಇವು, ಸಾಯೋದು ನಮ್ಮವು. ಇದಕ್ಕಿಂತ ಪ್ರೂಫ್ ಬೇಕಾ?"

ಮುಂದಿಟ್ಟ ಹೆಜ್ಜೆಯನ್ನು ನಾನು ಹಿಂದಕ್ಕಿಟ್ಟೆ. ರೋಗ ಬಂದಿದ್ದರೆ ಅದರಿಂದಲೇ ಬಂತು ಎನ್ನುತ್ತಿದ್ದರು. ಬರದಿದ್ದರೂ ಅದರಿಂದಲೇ ಬಂತು. ಇಂಥ ತರ್ಕಕ್ಕೆ ಕಪ್ಪು ಕೊಡುವ ಶೋ ಇದ್ದಿದ್ದರೆ ಮೇಡಂ ತಮ್ಮ ಹಾಲ್‌ನಲ್ಲಿ ಇನ್ನೊಂದು ಗೋಡೆ ಕಟ್ಟಿಸಬೇಕಾಗುತ್ತಿತ್ತು.

ಮ್ಯಾನೇಜರ್ ಮರಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ತಮ್ಮ ಬೂಟಿಗೆ ಮೆತ್ತಿದ ಮೋರಿ ಕೆಸರನ್ನು ನೋಡಿದರು. "ಬಾ ಹೋಗೋಣ," ಎಂದರು. ಆಮೇಲೆ ಕಾರ್ಖಾನೆಯಲ್ಲಿ ಯಾರೂ ನನ್ನ ಮುಂದೆ ಆ ವಿಷಯ ಎತ್ತಲಿಲ್ಲ. ನನ್ನ ಮೇಲೆ ಹೊರಿಸಿದ್ದನ್ನು ಇಳಿಸಲೂ ಇಲ್ಲ. ಅದು ಹಾಗೇ ಗಾಳಿಯಲ್ಲಿ ಉಳಿಯಿತು. ಅಕೌಂಟ್ಸ್ ಆಫೀಸರ್ ಮಾತ್ರ ಕಾರಿಡಾರಿನಲ್ಲಿ ನಾನು ಎದುರಾದರೆ ಗೋಡೆಯ ಕ್ಯಾಲೆಂಡರನ್ನು ಓದಲು ನಿಲ್ಲುತ್ತಿದ್ದರು.

ಎರಡನೇ ಸೂಜಿ ಹಾಕಿ ಬಹಳ ದಿನವಾದ ಮೇಲೆ ಮರಿಯನ್ನು ಮನೆಗೆ ಕರೆದೊಯ್ಯಲು ಹೋದೆ. ಅತ್ತೆ ಒಳಗಿನಿಂದಲೇ ಕೂಗಿದಳು. "ಈಗ್ಯಾಕೆ? ಹಪ್ಪಳದ ಕಾಲ ಮುಗೀಲಿ. ಕಾಗೆ ಜಾಸ್ತಿ ಅವೆ." ಹಪ್ಪಳದ ಕಾಲ ಆ ಮನೆಯಲ್ಲಿ ಎಂದೂ ಮುಗಿಯುತ್ತಿರಲಿಲ್ಲ. ಹಗಲು ಲಗ್ಗೆರೆ, ಸಂಜೆ ಬಾಗಲಗುಂಟೆ, ಹೀಗೇ ಅದು ವರ್ಷಗಟ್ಟಲೆ ಬದುಕಿತು. ಅತ್ತೆ ಕೊನೆಯವರೆಗೂ ಅದನ್ನು ಮುಟ್ಟಲು ಅಸಹ್ಯವೆಂದೇ ಹೇಳಿದಳು. ಹೇಳುತ್ತ ಹೇಳುತ್ತ ಅದರ ಕಿವಿಯೊಳಗಿನ ಉಣ್ಣೆಹುಳ ತೆಗೆಯುತ್ತಿದ್ದಳು.

ಮಾರನೆಯ ವರ್ಷ ಮೇಡಂ ಹೊಸ ಮರಿ ತಂದರು. ತಮ್ಮ ಡ್ರೈವರನ ಕೈಲಿ ನನಗೆ ಹೇಳಿಕಳಿಸಿದರು, ಲಗ್ಗೆರೆಯ ಆ ಮುದುಕಿ ಹಗಲು ಹೊತ್ತು ಇಟ್ಟುಕೊಳ್ಳುತ್ತಾಳೋ ಕೇಳು ಎಂದು. ಬೇರೆ ನಾಯಿಗಳಿಲ್ಲದ ಶುಚಿಯಾದ ಮನೆ ಬೇಕಿತ್ತಂತೆ. ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಆದರೂ ಮರಿಯದೇನು ತಪ್ಪು ಎಂದು ಡ್ರೈವರನ್ನು ಕರೆದುಕೊಂಡು ಹೋದೆ. ಅವನ ತೋಳಲ್ಲಿ ಆ ಮರಿ ಕೆಂಪು ಉಲ್ಲನ್ ಸ್ವೆಟರ್ ಹಾಕಿಕೊಂಡಿತ್ತು, ನಾಲ್ಕು ಕಾಲಿಗೂ ತೋಳು ಹೆಣೆದದ್ದು.

ಅತ್ತೆ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಾಯಿಗೆ ಸೂಜಿ ಆಗಿದೆಯೇ ಎಂದು ಕೇಳಲಿಲ್ಲ, ಮನೆಯಲ್ಲಿ ರೋಗವಿದೆಯೇ ಎಂದು ಕೇಳಲಿಲ್ಲ.

"ಅಂಗಿ ಆಕ್ಕಂಡಿರೋ ನಾಯಿ ನಂಗೆ ಬ್ಯಾಡ. ತಗಂಡೋಗು."

ಎಷ್ಟು ಹೇಳಿದರೂ ಅದೇ ಮಾತು. ಹಾಗಾಗಿ ಆ ಮರಿ ಬಂಗಲೆಯಲ್ಲೇ ಉಳಿಯಿತು. ಹೋಮ್ ಮುಚ್ಚಿತ್ತು, ಬೇರೆ ನಾಯಿಗಳು ಬರುತ್ತಿರಲಿಲ್ಲ, ಶೋಗಳಿಗೆ ಹೋಗಲು ಅದಿನ್ನೂ ಚಿಕ್ಕದು. ಮನೆಗೆಲಸದ ಹೆಂಗಸಿನ ಹಿಂದೆ ಸುತ್ತುತ್ತ ಅದು ಗುಂಡಗೆ ಬೆಳೆಯಿತು. ಮುಂದಿನ ಆಯುಧಪೂಜೆಗೆ ಮೇಡಂ ಮತ್ತೆ ಬಂದು, ಮೆಷಿನ್ನುಗಳ ಮುಂದೆ ನಿಂತು, ಮರಿಗಳನ್ನು ಗುಂಪಿಗೆ ಬಿಡದೆ ಮನೆಯಲ್ಲೇ ಇಟ್ಟು ಸಾಕುವುದೇ ಕ್ಷೇಮವೆಂದೂ, ಇದನ್ನು ತಾವು ಸ್ವಂತ ಅನುಭವದಿಂದ ಕಂಡುಕೊಂಡಿದ್ದೆಂದೂ, ನಮ್ಮಂಥವರಿಗೂ ಉಪಯೋಗವಾಗಲಿ ಎಂದು ಹೇಳುತ್ತಿರುವುದೆಂದೂ ವಿವರಿಸಿದರು. ನನ್ನ ಪಕ್ಕದ ಮೆಷಿನ್ನಿನವಳು ಮೊಣಕೈಯಿಂದ ತಿವಿದಳು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.